‘ಇತರೆ’ ಎಂದು ಬರೆಸಿಕೊಂಡವರು

ಬೀದರಿನ ಜಾಹೇದಾಗೆ ಜನರ ಮುಖಕ್ಕಿಂತ ಅವರ ಕೈಯ ನರ ಚೆನ್ನಾಗಿ ನೆನಪಿರುತ್ತಿತ್ತು. ಇಪ್ಪತ್ತೆರಡು ವರ್ಷ ಖಾಸಗಿ ಲ್ಯಾಬೊಂದರಲ್ಲಿ ರಕ್ತ ತೆಗೆದವಳು. ಆ ಲ್ಯಾಬು ಮುಚ್ಚಿದ ಮೇಲೆ, ಸಕ್ಕರೆ ಕಾಯಿಲೆಗೂ ವಂಶವಾಹಿಗೂ ಇರುವ ನಂಟು ಹುಡುಕುವ ದೊಡ್ಡ ಅಧ್ಯಯನವೊಂದನ್ನು ಸೇರಿದಳು. ಇಂಥ ಕೆಲಸ ಇಲ್ಲಿವರೆಗೆ ಬಹುಪಾಲು ಯುರೋಪಿನ ಮೂಲದವರ ರಕ್ತದ ಮೇಲೇ ನಡೆದಿದೆ, ಅಲ್ಲಿ ಸಿಕ್ಕ ಅಂದಾಜು ಇಲ್ಲಿನವರಿಗೆ ಸರಿಯಾಗಿ ಹೊಂದುವುದಿಲ್ಲ, ಅದಕ್ಕೇ ಇಲ್ಲಿಯ ಎಲ್ಲ ಜನರ ರಕ್ತವೂ ಬೇಕು ಎಂದು ಮುಖ್ಯಸ್ಥೆ ಡಾಕ್ಟರ್ ಶಶಿಕಲಾ ಮೊದಲ ದಿನವೇ ಬಿಡಿಸಿ ಹೇಳಿದ್ದರು. ಜಾಹೇದಾ ಮನೆಮನೆಗೆ ಹೋಗಿ ಅದನ್ನೇ ಹೇಳುತ್ತಿದ್ದಳು.

ಭಾಲ್ಕಿ ಕಡೆಯ ಮೆಹಕರ, ಹಲಬರ್ಗಾ ಮುಗಿದು ಔರಾದಿನ ಸರದಿ ಬಂತು. ಅಲ್ಲಿ ಉಸ್ಮಾನ ಮಿಯಾ ಎಂಬ ಮುದಿ ಟೇಲರು ಸೂಜಿ ಚುಚ್ಚಿಸಿಕೊಳ್ಳುವ ಮೊದಲು ಅರ್ಧ ಗಂಟೆ ಪ್ರಶ್ನೆ ಕೇಳಿದ. ಇಬ್ಬರದೂ ದಖನಿ, ಈ ಕಡೆಯ ಉರ್ದು ಮಾತು. ನಾಲ್ಕು ತಲೆಮಾರು ಔರಾದಿನಲ್ಲೇ ಇದ್ದೇವೆ, ಅದರ ಹಿಂದಿನದು ದೇವರಿಗೇ ಗೊತ್ತು ಎಂದು ಬರೆಸಿದ. ಫಾರ್ಮಿನ ಸಮುದಾಯದ ಕಾಲಮ್ಮಿನಲ್ಲಿ ಮೊದಲೇ ಅಚ್ಚಾಗಿದ್ದ ನಾಲ್ಕು ಹೆಸರುಗಳಲ್ಲಿ ಅವನದು ಇರಲಿಲ್ಲ. ಜಾಹೇದಾ ಕಲಿಸಿಕೊಟ್ಟಂತೆ ‘ಇತರೆ’ಗೆ ಗುರುತು ಹಾಕಿದಳು. ಈ ರಕ್ತ ಕೆಲಸಕ್ಕೆ ಬರುತ್ತದೆ ತಾನೆ ಎಂದು ಅವನು ಕೇಳಿದಾಗ, ಬರುತ್ತದೆ ಚಾಚಾ ಎಂದಳು.

ತಿಂಗಳ ಕೊನೆಯ ಸಭೆಯಲ್ಲಿ, ‘ಇತರೆ’ಯವರನ್ನು ವಿಶ್ಲೇಷಣೆಯಿಂದ ಕೈಬಿಡಲಾಗಿದೆ ಎಂದು ತಿಳಿಯಿತು. ಯಾರು ಯಾರೋ ಸೇರಿದ ಗುಂಪು, ಸಂಖ್ಯೆಯೂ ಕಡಿಮೆ, ಹೋಲಿಸಲು ಬರುವುದಿಲ್ಲ ಎಂಬುದು ಕಾರಣ. ಸಭೆ ಮುಗಿದು ಎಲ್ಲರೂ ಚಹಾಕ್ಕೆ ಎದ್ದರು. ಜಾಹೇದಾ ಏಳಲಿಲ್ಲ.

“ಮೇಡಂ, ಆ ‘ಇತರೆ’ಯೊಳಗ ನಮ್ಮ ದಖನಿ ಮಂದಿನೇ ಎಂಬತ್ಮೂರು ಅದಾರ, ಅವರಿಗಿ ನಾ ಸುಳ್ಳು ಹೇಳಿ ರಕ್ತ ತಗೊಂಡೇನಿರಿ,” ಎಂದಳು.

ಶಶಿಕಲಾ ಸಂಖ್ಯಾಶಾಸ್ತ್ರ ವಿವರಿಸಿದರು. ಜಾಹೇದಾ ಪೂರ್ತಿ ಕೇಳಿದಳು.

“ಹಂಗಾರ ಎಷ್ಟು ಮಂದಿ ಆದ್ರ ಒಂದು ಗುಂಪು ಅಂತೀರಿ?”

ಕನಿಷ್ಠ ನಾಲ್ಕುನೂರು ಎಂದರು ಡಾಕ್ಟರು. ಅವಳು ಹೆಚ್ಚೆಂದರೆ ಬೇಸರ ಮಾಡಿಕೊಂಡು ಹೋಗುತ್ತಾಳೆ ಎಂದುಕೊಂಡಿದ್ದರು. ಅವಳು ಖಾಲಿ ಫಾರ್ಮುಗಳ ಕಟ್ಟು ಕೇಳಿ ತೆಗೆದುಕೊಂಡು ಹೋದಳು.

ಏಳು ತಿಂಗಳು ಹಿಡಿಯಿತು. ಬೀದರಿನ ಗಲ್ಲಿಗಳು, ಊರ ಪಕ್ಕದ ಕೊಳಾರದ ಕಾರ್ಖಾನೆಯ ಊಟದ ಬಿಡುವು, ಭಾಲ್ಕಿಯಲ್ಲೊಂದು ಮದುವೆ. ಮದುವೆಯಲ್ಲಿ ಅವಳ ಪೆಟ್ಟಿಗೆ ನೋಡಿ ಉಡುಗೊರೆ ಎಂದುಕೊಂಡವರೂ ಇದ್ದರು. ಊಟಕ್ಕೆ ಮುಂಚೆ ಹೊಟ್ಟೆ ಖಾಲಿ ಇರುವವರನ್ನು ಸಾಲಾಗಿ ಕೂರಿಸಿದಳು. ವರನ ಸೋದರಮಾವಂದಿರು ಐದು ಜನ ಒಮ್ಮೆಲೇ ಸಿಕ್ಕರು. ಒಬ್ಬರೇ ಸಾಕು, ಒಂದೇ ಮನೆತನದವರು ಹೆಚ್ಚಾದರೆ ಲೆಕ್ಕ ಕೆಡುತ್ತದೆ ಎಂದು ನಾಲ್ವರನ್ನು ವಾಪಸು ಕಳಿಸಿದಾಗ ಅವರಿಗೆ ಬೇಜಾರಾಯಿತು. ನಡುವೆ ತನ್ನ ರಕ್ತವನ್ನೂ ಕೊಟ್ಟಳು. ಹದಿನೈದು ವರ್ಷದಿಂದ ಸೂಜಿ ಹಿಡಿಯದ ಶಶಿಕಲಾ ಅವಳಿಗೆ ಮೂರು ಸಲ ಚುಚ್ಚಿದರು. ಜಾಹೇದಾ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು.

ನಾಲ್ಕುನೂರಾ ಹದಿನೇಳಕ್ಕೆ ಬಂದು ನಿಂತಿತು. ಕಾಲಮ್ಮಿನಲ್ಲಿ ‘ದಖನಿ’ ಎಂದು ಐದನೆಯ ಹೆಸರು ಅಚ್ಚಾಯಿತು. ಹಳೆಯ ಎಂಬತ್ಮೂರು ಜನರೂ ಅದರೊಳಗೆ ಬಂದರು. ಮುಂದಿನ ವರ್ಷ ಬಂದ ಫಲಿತಾಂಶದ ಪ್ರಕಾರ, ಯುರೋಪಿನವರ ರಕ್ತದಿಂದ ಕಟ್ಟಿದ ಹಳೆಯ ಲೆಕ್ಕ ಈ ಗುಂಪಿನಲ್ಲಿ ಆಗಲೇ ಸಕ್ಕರೆ ಕಾಯಿಲೆ ಇದ್ದ ಅನೇಕರನ್ನು ‘ಅಪಾಯ ಕಡಿಮೆ’ ಎಂದು ತೋರಿಸುತ್ತಿತ್ತು. ಹೊಸ ಲೆಕ್ಕ ಅಷ್ಟು ತಪ್ಪುತ್ತಿರಲಿಲ್ಲ.

ಇದನ್ನು ಹೇಳಲೆಂದೇ ಜಾಹೇದಾ ಔರಾದಿನ ಬಸ್ಸು ಹತ್ತಿದಳು. ಉಸ್ಮಾನ ಮಿಯಾ ಹೊಲಿಗೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ.

“ಹಂಗಾದ್ರ ನನ್ನ ಸಕ್ಕರಿ ಗುಳಗಿ ಬದಲಾಗ್ತದೇನು?”

“ಇಲ್ಲ ಚಾಚಾ. ಮುಂದಿನವರಿಗಿ ಮೊದಲೇ ತಿಳೀಬಹುದು.”

ನೀನು ಸುಳ್ಳು ಹೇಳದೆ, ಇದ್ದದ್ದನ್ನೇ ಹೇಳಲು ಇಷ್ಟು ದೂರ ಬಂದದ್ದು ಒಳ್ಳೆಯದಾಯಿತು ಎಂದ ಉಸ್ಮಾನ ಮಿಯಾ. ಆಮೇಲೆ ಉದ್ದನೆಯ ಪರದೆ ಬಟ್ಟೆಯ ಒಂದು ತುದಿ ಅವಳ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿ ಎಂದು ಹೇಳಿ ಕತ್ತರಿ ಹಾಕಿದ.