ದೊರೆಗೆ ಬರೆದ ಕಾಗದ

ಜೋಥಮ್ ವೈಮನ್ ಇಪ್ಪತ್ತು ವರ್ಷ ಇಂಗ್ಲೆಂಡಿನ ದೊರೆಯ ಯುದ್ಧನೌಕೆಗಳಿಗೆ ಹಾಯಿಕಂಬ ಸಾಗಿಸಿದವನು. ಹಿಮ ಗಟ್ಟಿಯಾದ ಮೇಲೆ ಇಪ್ಪತ್ತು ಜೋಡಿ ಎತ್ತು ಕಟ್ಟಿ, ನೂರಡಿ ಉದ್ದದ ಪೈನ್ ಮರವನ್ನು ದೊರೆಯ ಕಡಲಾಚೆಯ ವಸಾಹತಾದ ಮೇನ್ ಸೀಮೆಯ ಕಾಡಿನಿಂದ ಫಾಲ್ಮತ್ ಬಂದರಿಗೆ ಇಳಿಸುವುದು ಅವನ ಕಸುಬು. ಇಳಿಜಾರಿನಲ್ಲಿ ಮರ ಜಾರಿದರೆ ಅದರ ಮುಂದಿರುವ ಎತ್ತುಗಳು ಜಜ್ಜಿಹೋಗುತ್ತವೆ. ಅವನ ಕೈಯಲ್ಲಿ ಒಂದೂ ಸತ್ತಿರಲಿಲ್ಲ. ನಡುವೆ ಹರೆಯದಲ್ಲೇ ಒಮ್ಮೆ ದೊರೆಯ ಸೈನ್ಯ ಸೇರಿ ಫ್ರೆಂಚರ ಮೇಲೆ ಕಾದಾಡಿದ್ದ. ಕ್ವೆಬೆಕ್‌ನಲ್ಲಿ ತಮ್ಮನನ್ನು ಮಣ್ಣು ಮಾಡಿ ಬಂದಿದ್ದ. ಅದರ ದುಃಖವಿತ್ತೇ ಹೊರತು ದೊರೆಯ ಮೇಲೆ ಸಿಟ್ಟಿರಲಿಲ್ಲ.

ಎರಡಡಿಗಿಂತ ದಪ್ಪದ ಪೈನ್ ಮರ ದೊರೆಯ ಸೊತ್ತು. ಅಂಥ ಮರಕ್ಕೆ ಕೊಡಲಿಯಿಂದ ಮೂರು ಗೀರು ಎಳೆದು ಬಾಣದ ಗುರುತು ಹಾಕುತ್ತಿದ್ದವನು ಕಾಡಿನ ಅಧಿಕಾರಿ ಥ್ಯಾಕ್ಸ್‌ಟರ್. ಚಳಿಗಾಲದಲ್ಲಿ ಅವನು ಉಳಿಯುತ್ತಿದ್ದುದು ಜೋಥಮ್‌ನ ಮನೆಯಲ್ಲೇ. ಜೋಥಮ್‌ನ ಹೆಂಡತಿ ಕೆಜಾಯಾ ಕಾಕಂಬಿ ಹಾಕಿ ಬೇಯಿಸಿದ ಬೀನ್ಸ್ ಕಾಳನ್ನು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ.

1773ರ ವಸಂತದಲ್ಲಿ ಜೋಥಮ್‌ನ ಮನೆ ಸುಟ್ಟುಹೋಯಿತು. ಹೊಸ ಮನೆಯ ನೆಲಕ್ಕೆ ಹಲಗೆ ಬೇಕಾಯಿತು. ಹಿತ್ತಿಲಾಚೆ ಗುರುತಿನ ಮರವೊಂದು ಸಿಡಿಲು ಬಡಿದು ಅರ್ಧಕ್ಕೆ ಸೀಳಿ ನಿಂತಿತ್ತು. ಇನ್ನು ಹಾಯಿಕಂಬಕ್ಕೆ ಬರುವಂಥದ್ದಲ್ಲ. ಜೋಥಮ್ ಥ್ಯಾಕ್ಸ್‌ಟರನನ್ನೇ ಕೇಳಿದ.

"ಕಡ್ಕೋ ಮಾರಾಯ. ನಾನು ಆ ಕಡೆ ತಿರುಗೀನೂ ನೋಡಲ್ಲ," ಎಂದ ಥ್ಯಾಕ್ಸ್‌ಟರ್.

ಎಲೆ ಉದುರುವ ಹೊತ್ತಿಗೆ ಅದೇ ಥ್ಯಾಕ್ಸ್‌ಟರ್ ಜವಾನರೊಂದಿಗೆ ಬಂದ. ಅವರು ಹಾರೆ ಹಾಕಿ ನೆಲದ ಹಲಗೆಗಳನ್ನೆಲ್ಲ ಕಿತ್ತರು, ಅವನ ಎತ್ತುಗಳನ್ನು ಬಿಚ್ಚಿ ವಶಪಡಿಸಿಕೊಂಡರು. ಜೋಥಮ್ ಅವನ ಮುಖ ನೋಡಿದ. ಈ ವರ್ಷ ಮೇಲಿನವರಿಗೆ ಒಂದಿಬ್ಬರು ಕಳ್ಳರ ಹೆಸರು ಕೊಡಲೇಬೇಕಿತ್ತು, ಏನು ಮಾಡಲಿ ಎಂದು ಥ್ಯಾಕ್ಸ್‌ಟರ್ ಗೊಣಗಿದ, ತನಗೇ ಅನ್ಯಾಯವಾದವನಂತೆ.

ಆಗಲೂ ಜೋಥಮ್ ದೊರೆಯನ್ನು ದೂರಲಿಲ್ಲ. ನಡುವಿನವರು ಮಾಡುವ ಕೆಲಸ ಅರಮನೆಗೆ ಹೇಗೆ ತಿಳಿಯಬೇಕು? ಶಾಲೆಯ ಮೇಷ್ಟರ ಕೈಲಿ ನಾಲ್ಕು ಸಲ ತಿದ್ದಿಸಿ ದೊರೆಗೇ ಕಾಗದ ಬರೆಸಿದ. ಕ್ವೆಬೆಕ್, ತಮ್ಮ, ಇಪ್ಪತ್ತು ವರ್ಷದ ಹಾಯಿಕಂಬ, ಕಿತ್ತ ನೆಲ, ಎಲ್ಲವೂ ಅದರಲ್ಲಿತ್ತು. ಬಂದರಿನಿಂದ ಹೊರಟ ಹಡಗಿನಲ್ಲಿ ಅದನ್ನು ಕಳಿಸಿದ.

ಎರಡು ಚಳಿಗಾಲ ಗಂಡಹೆಂಡತಿ ಬರಿಮಣ್ಣಿನ ಮೇಲೆ ಕಳೆದರು.

"ನಿಮ್ಮ ಕಾಗದಾನ ದೊರೆ ದಿಂಬಿನ ಕೆಳಗಿಟ್ಕೊಂಡು ಮಲಗ್ತಿದಾನೆ ಅಂದ್ಕೊಂಡ್ರಾ?" ಎಂದು ಕೆಜಾಯಾ ಚುಚ್ಚುತ್ತಿದ್ದಳು.

ದೊರೆಯ ತೆರಿಗೆಗೆ ಜನ ರೊಚ್ಚಿಗೆದ್ದು ಬಾಸ್ಟನ್ನಿನಲ್ಲಿ ಹಡಗಿನ ಚಹಾ ಸಮುದ್ರದ ಪಾಲಾಯಿತು, ಊರೂರಲ್ಲಿ ಗಂಡಸರು ಬಂದೂಕು ಹಿಡಿದು ಕವಾಯತು ಶುರುಮಾಡಿದರು. ಜೋಥಮ್ ಮಾತ್ರ ಊರಿನ ಸಭೆಯಲ್ಲಿ ಎದ್ದು ನಿಂತು, ದೊರೆಯ ಕಿವಿಗೆ ವಿಷಯ ಇನ್ನೂ ಬಿದ್ದಿಲ್ಲ, ತಾಳಿ ಎಂದ. ಅಂದಿನಿಂದ ಅವನಿಗೆ 'ದೊರೆಯ ಎತ್ತು' ಎಂದು ಹೆಸರು ಬಿತ್ತು.

1775ರ ಅಕ್ಟೋಬರಿನಲ್ಲಿ, ಉತ್ತರ ಬಂದಿದೆಯೇ ಎಂದು ವಿಚಾರಿಸಲು ಅವನು ಫಾಲ್ಮತ್‌ಗೆ ಇಳಿದ. ಬಂದರಿನಲ್ಲಿ ದೊರೆಯ ನೌಕೆಗಳು ಸಾಲಾಗಿ ನಿಂತಿದ್ದವು. ಒಬ್ಬ ಅಧಿಕಾರಿ ದಡಕ್ಕೆ ಬಂದು ದೊರೆಯ ಹೆಸರಿನಲ್ಲಿ ಆದೇಶದ ಕಾಗದ ಓದಿದ: ದೊರೆಗೆ ತಿರುಗಿಬಿದ್ದ ಈ ಊರಿಗೆ ಶಿಕ್ಷೆಯಾಗಲಿದೆ, ಜನ ಜಾಗ ಖಾಲಿ ಮಾಡಬೇಕು. ಮರುದಿನ ಬೆಳಗ್ಗೆ ಶುರುವಾದ ಗುಂಡಿನ ಮಳೆ ಸಂಜೆಯವರೆಗೂ ನಿಲ್ಲಲಿಲ್ಲ. ಅಪರಿಚಿತ ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ಜೋಥಮ್ ಗುಡ್ಡ ಹತ್ತಿದ. ತಿರುಗಿ ನೋಡಿದರೆ ಊರು ಉರಿಯುತ್ತಿತ್ತು. ಹೊಗೆಯ ಮೇಲೆ ನೌಕೆಗಳ ಹಾಯಿಕಂಬಗಳು ನೆಟ್ಟಗೆ ಕಾಣುತ್ತಿದ್ದವು, ಒಂದೊಂದೂ ಅವನ ಕಾಡಿನ ಮರದಷ್ಟೇ ದಪ್ಪ.

ಎರಡು ದಿನದ ಮೇಲೆ ಮನೆ ಮುಟ್ಟಿದ. ಮೈಯೆಲ್ಲ ಮಸಿ.

"ಅವನಿಗೆ ಗೊತ್ತು, ಕೆಜಾಯಾ," ಎಂದ. "ಎಲ್ಲಾ ಗೊತ್ತಿದ್ದೇ ಮಾಡ್ತಿದಾನೆ."

ಕೆಜಾಯಾ ಈ ಸಲ ಚುಚ್ಚಲಿಲ್ಲ. ಬಿಸಿನೀರು ತಂದು ಅವನ ಕೈ ತೊಳೆದಳು.

ಆ ವಾರ ಜೋಥಮ್ ಊರವರ ಮನೆಮನೆಗೆ ತಾನೇ ಹೋದ. ದೊರೆಗಾಗಿ ಕಡಿದು ನದಿಯಂಚಿನಲ್ಲಿ ಇಟ್ಟಿದ್ದ ಮರಗಳನ್ನು, ಅವನ ನೌಕೆಗಳಿಗೆ ಸಿಗದಂತೆ, ಎಲ್ಲರೂ ಸೇರಿ ಹಿನ್ನೀರಿಗೆ ಎಳೆದು ಮುಳುಗಿಸಿದರು. ಊರವರ ಎತ್ತುಗಳಿಗೆ ದಾರಿ ಹೇಳಿದವನು ಜೋಥಮನೇ. ಥ್ಯಾಕ್ಸ್‌ಟರ್ ಅಷ್ಟರಲ್ಲೇ ದೊರೆಯ ಹಿಡಿತದಲ್ಲಿದ್ದ ಹ್ಯಾಲಿಫ್ಯಾಕ್ಸ್‌ಗೆ ಪರಾರಿಯಾಗಿದ್ದ.

ಮುಂದಿನ ಬೇಸಿಗೆಯಲ್ಲಿ, ನಾವಿನ್ನು ಸ್ವತಂತ್ರರು ಎಂಬ ಘೋಷಣೆಯನ್ನು ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಓದಿದರು. ದೊರೆಯ ತಪ್ಪುಗಳು ಒಂದಾದ ಮೇಲೊಂದು ಬಂದವು. ಪೈನ್ ಮರದ ಮಾತೂ ಬಂದೀತೆಂದು ಜೋಥಮ್ ಕತ್ತು ಚಾಚಿ ಕೇಳುತ್ತಲೇ ಇದ್ದ. ಬರಲಿಲ್ಲ. ಹೊರಗೆ ಜನ ಬಂದೂಕು ಹಾರಿಸಿ ಕುಣಿದರು. ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತ. ದೊರೆಯನ್ನು ನಂಬಿಕೊಂಡಿದ್ದ ಅಷ್ಟೂ ವರ್ಷಗಳ ನೆನಪಿಗೆ ನಾಚಿಕೆಯಾಗಿ ಕಣ್ಣು ತುಂಬಿತು.

ಮರುವಾರ ನೆರೆಯವರ ಎತ್ತುಗಳನ್ನು ಕೇಳಿ ಪಡೆದು, ದೊರೆಯ ವಿರುದ್ಧ ಎದ್ದ ಹೊಸ ಸೈನ್ಯದ ಫಿರಂಗಿ ಎಳೆಸಲು ಪಶ್ಚಿಮಕ್ಕೆ ಹೊರಟ.