ಗಟಾರಕ್ಕೆ ರಂಗೋಲಿ ಹಾಕಿದ್ದು

ನಮ್ಮ ಓಣಿಯ ಗಟಾರಕ್ಕೆ ಸರ್ಕಾರದ ಅನುದಾನ ಬರುತ್ತದೆ, ನಾಳೆ ಇಂಜಿನಿಯರ್ ಬಂದು ನೋಡಿ ಫೋಟೋ ತೆಗೆಯುತ್ತಾರೆ ಎಂದು ಪಂಚಾಯ್ತಿ ಮೆಂಬರ ಹೇಳಿ ಹೋದ. ಆಗ ನಾನೊಂದು ಹೆಡ್ಡತನ ಮಾಡಿದೆ. ಯಾರಾದರೂ ಬರುತ್ತಾರೆಂದರೆ ಗುಡಿಸಿ ಸಾರಿಸಬೇಕು, ನಮ್ಮವ್ವ ಕಲಿಸಿದ್ದು ಅದೊಂದೇ. ಸಹಿ ಮಾಡುವುದನ್ನು ಮುದುಕಿಯಾದ ಮೇಲೆ ಮೊಮ್ಮಗಳ ಹತ್ತಿರ ಕಲಿತೆ.

ಬೆಳಗಾಗುತ್ತಲೇ ಓಣಿಯ ಹೆಂಗಸರನ್ನೆಲ್ಲ ಬೈದು ಎಬ್ಬಿಸಿದೆ. ಹೂಳು ತೆಗೆದೆವು, ಮುರಿದ ದಂಡೆಗೆ ಕಲ್ಲು ಮಣ್ಣು ಮೆತ್ತಿದೆವು. ಇಂಜಿನಿಯರ್ ಹೋಗುವ ತನಕ ಯಾರೂ ಬಚ್ಚಲ ನೀರು ಬಿಡಕೂಡದು ಎಂದೆ. ಒಂದು ದಿನ ಸ್ನಾನವಿಲ್ಲದೆ ಯಾರೂ ಸಾಯಲಿಲ್ಲ. ಕಡೆಗೆ ದಂಡೆಯುದ್ದಕ್ಕೂ ರಂಗೋಲಿ ಎಳೆದೆ.

ಇಂಜಿನಿಯರ್ ಸವಣೂರಿನಿಂದ ಬೈಕಿನಲ್ಲಿ ಬಂದ. ಆಚೆ ನೋಡಿದ, ಈಚೆ ನೋಡಿದ.

"ಛಲೋನ ಐತಲ್ಲಬೇ. ಇದಕ್ಯಾಕ ಅನುದಾನ?"

ರಂಗೋಲಿ ಸಮೇತ ಫೋಟೋ ತೆಗೆದ. ಇದಕ್ಕಿಂತ ಕೆಟ್ಟ ಗಟಾರಗಳು ಬೇಕಾದಷ್ಟಿವೆ, ಅವಕ್ಕೆ ಮೊದಲು ಕೊಡಬೇಕು ಎಂದ. ಚಹಾ ಮಾತ್ರ ಎರಡು ಕಪ್ಪು ಕುಡಿದ.

ಎಲ್ಲರಿಗಿಂತ ಹೆಚ್ಚು ಹೂಳು ಎತ್ತಿದವಳು ತಗ್ಗಿನ ಮನೆಯ ಟೇಲರನ ಹೆಂಡತಿ. ಮಳೆ ಬಂದರೆ ಓಣಿಯ ಹೊಲಸೆಲ್ಲ ನೇರ ಅವಳ ಅಡುಗೆಮನೆಗೇ ಹೋಗುತ್ತದೆ. ಬೈಕು ಹೋದ ಮೇಲೆ ಸಲಿಕೆ ನನ್ನ ಮುಂದೆ ಇಟ್ಟಳು.

"ಈ ಮಳೆಗಾಲಾನೂ ನಾ ಮಂಚದ ಮ್ಯಾಲೆ ಒಲಿ ಇಟ್ಕೊಂಡು ರೊಟ್ಟಿ ಮಾಡ್ಬೇಕೇನ್ರಿ, ಅಮ್ಮಾ?"

ಬಾಯಿಗೆ ಹೆಸರಾದವಳು ನಾನು. ಅವತ್ತು ಸಲಿಕೆ ತೊಳೆದು ಅವಳ ಬಾಗಿಲಿಗೆ ಒರಗಿಸಿ ಬಂದೆ.

ಮರುದಿನದಿಂದ ಮೆಂಬರನ ಮನೆ ಕಟ್ಟೆಯ ಮೇಲೆ ಹೋಗಿ ಕೂರತೊಡಗಿದೆ. ನನ್ನನ್ನು ಎಬ್ಬಿಸಲಿಕ್ಕಾದರೂ ಅವನು ಇಂಜಿನಿಯರನನ್ನು ಇನ್ನೊಮ್ಮೆ ಕರೆಸಬೇಕಾಯಿತು. ಅಷ್ಟರಲ್ಲಿ ಹದಿನೈದು ದಿನ ಗಟಾರಕ್ಕೆ ಯಾರೂ ಕೈ ಹಚ್ಚಲಿಲ್ಲ. ನಾವೇನೂ ಕೆಡಿಸಲಿಲ್ಲ; ಅದು ತಾನೇ ಕೆಟ್ಟಿತು, ಯಾವಾಗಲೂ ಕೆಡುವ ಹಾಗೆ. ಅವನು ಬಂದಾಗ ಎಲ್ಲರ ಮನೆಯಲ್ಲೂ ಸ್ನಾನದ ಹೊತ್ತು. ಬೈಕಿನಿಂದ ಇಳಿಯದೆ, ಆಳ ಎಷ್ಟಿದೆ ಎಂದು ಮೂಗು ಮುಚ್ಚಿಕೊಂಡು ಕೇಳಿದ. ನಾನು ಸೀರೆ ಎತ್ತಿ ಕಟ್ಟಿ ಗಟಾರಕ್ಕೆ ಇಳಿದೆ.

"ಮೊಣಕಾಲ ತನಕ ಐತಿ. ಬರ್ಕೋ ತಮ್ಮಾ."

"ಮ್ಯಾಲೆ ಬರ್ರಿ ಯಮ್ಮಾ, ಫೋಟೋದಾಗ ನೀವು ಬ್ಯಾಡ."

"ನಾ ಇಲ್ಲಂದ್ರ ಮತ್ತ ಛಲೋ ಐತಿ ಅಂತ ಬರೀತಿ. ತಗೀ."

ತೆಗೆದ. ಸಿಮೆಂಟಿನ ಗಟಾರ ಬಂತು, ಅದಕ್ಕಿಂತ ದೊಡ್ಡದಾಗಿ ಅದರ ಬೋರ್ಡೂ ಬಂತು. ಮೊದಲ ದೊಡ್ಡ ಮಳೆಯ ದಿನ ಟೇಲರನ ಹೆಂಡತಿ ನನ್ನನ್ನು ಕರೆದು ತನ್ನ ಅಡುಗೆಮನೆಯ ನೆಲದ ಮೇಲೆ ಕೂರಿಸಿ ಬಿಸಿ ರೊಟ್ಟಿ ಹಾಕಿದಳು. ನಾನು ಎದ್ದು ಸೀರೆಯ ಹಿಂಭಾಗ ಮುಟ್ಟಿ ನೋಡಿಕೊಂಡೆ. ಒಣಗಿಯೇ ಇತ್ತು.

ಮನೆಯಲ್ಲಿ ನನ್ನದೊಂದೂ ಫೋಟೋ ಇಲ್ಲ. ಸತ್ತ ಮೇಲೆ ಗೋಡೆಗೆ ಹಾಕಬೇಕೆಂದರೆ ಇಂಜಿನಿಯರನ ಫೈಲಿನಲ್ಲಿರುವ ಆ ಗಟಾರದ ಫೋಟೋವನ್ನೇ ತರಿಸು ಎಂದು ಮೊಮ್ಮಗಳಿಗೆ ಹೇಳಿದ್ದೇನೆ. ಮೊಣಕಾಲಿನ ಕೆಳಗೆ ಮಾತ್ರ ಕತ್ತರಿಸಬಾರದು.