ನೀಲಾಳ ಕಾರಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದದ್ದು

ಎರಡು ಸಣ್ಣ, ಒಂದು ಉದ್ದ. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಭಾನುವಾರ ಬೆಳಿಗ್ಗೆ ಆ ಹಾರ್ನ್ ಕೇಳಿಸಿತೆಂದರೆ ಮಲಗಿದ ನಾಯಿಗಳು ಎದ್ದು ಕಟ್ಟೆ ಹತ್ತುತ್ತಿದ್ದವು. ಕಾಯಿಪಲ್ಯದವನು ತನ್ನ ತಳ್ಳುಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಅದರ ಹಿಂದೆ ಅಡಗುತ್ತಿದ್ದ. ನಾನೊಬ್ಬಳೇ ಪರ್ಸ್ ಹಿಡಿದು ಹೊರಗೆ ಬರುತ್ತಿದ್ದೆ. ನೀಲಾಳ ಕಾರಿನಲ್ಲಿ ಕೂಡ್ರುವ ಧೈರ್ಯ ಧಾರವಾಡದಲ್ಲಿ ಬೇರೆ ಯಾರಿಗೂ ಇರಲಿಲ್ಲ.

ನೀಲಾ ಮತ್ತು ನಾನು ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಮುಂದೆ ನಾನು ಮದುವೆಯಾದೆ, ಅವಳು ಆಗಲಿಲ್ಲ. ಕನ್ನಡ ಸಾಲೆಯೊಂದರಲ್ಲಿ ಗಣಿತದ ಅಕ್ಕೋರಾಗಿ ಇಡೀ ಊರಿನ ಮಕ್ಕಳಿಗೆ ಮಗ್ಗಿ ಕಲಿಸಿದಳು. ಐವತ್ತು ದಾಟಿದ ಮೇಲೆ ಒಂದು ಸಣ್ಣ ಬಿಳಿ ಕಾರು ಕೊಂಡಳು. 'ಮನಿ ಅಣ್ಣಂದು, ಹೊಲ ಅಣ್ಣಂದು, ಕಾರ್ ಒಂದ ನಂದು' ಎನ್ನುತ್ತಿದ್ದಳು. ನನ್ನ ಯಜಮಾನರು ತೀರಿಕೊಂಡ ಮೇಲೆ ಭಾನುವಾರದ ನನ್ನ ಔಟಿಂಗ್ ಎಲ್ಲ ಅದರಲ್ಲೇ. ಅವಳು ಬರದಿದ್ದರೆ ನನಗೆ ಕೆಲಗೇರಿ ಕೆರೆಯೂ ಇಲ್ಲ, ಫೇಡೆಯೂ ಇಲ್ಲ.

ನಾನು ಈಗ ಹೇಳುವುದು ಹೋದ ವರ್ಷದ ಎಳ್ಳಮಾವಾಸ್ಯೆಯ ದಿನ ಶಿರಗುಪ್ಪಿಗೆ ಹೋದ ಸಂಗತಿ. ಅಲ್ಲಿ ನೀಲಾಳ ಅಣ್ಣನ ಹೊಲವಿದೆ. ಆ ದಿನ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಅನ್ನ ಕಡಬು ರೊಟ್ಟಿಗಳನ್ನು ಬೆಳೆಯ ಮೇಲೆ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಅಣ್ಣನ ಮನೆಯವರೆಲ್ಲ ನಸುಕಿನಲ್ಲೇ ಬೇರೆ ಗಾಡಿ ಮಾಡಿಕೊಂಡು ಹೋಗಿಬಿಟ್ಟಿದ್ದರು. ಪಂಕ್ಚುವಾಲಿಟಿಗೋಸ್ಕರ ಅಂತ ನೀಲಾಳಿಗೆ ಹೇಳಿದ್ದರು.

ಛಳಿ ಚೆನ್ನಾಗಿತ್ತು. ನಾನು ಶಾಲು ಹೊದ್ದು, ಸೀಟ್ ಬೆಲ್ಟ್ ಬಿಗಿದುಕೊಂಡು, ಎಂದಿನಂತೆ ಹೇಲ್ ಮೇರಿ ಶುರು ಮಾಡಿದೆ. ಲಿಂಗವಂತರ ಮನೆಯವಳು ನಾನು, ಮನೆಯಲ್ಲಿ ಶಿವನೇ ಸಾಕು. ಆದರೆ ಸಿಸ್ಟರ್‌ಗಳು ಅಪಾಯದ ವೇಳೆಗೆಂದು ಕಲಿಸಿದ ಪ್ರಾರ್ಥನೆಯನ್ನು ಕಾರಿನಲ್ಲಿ ವೇಸ್ಟ್ ಮಾಡಬಾರದಲ್ಲ. ನೀಲಾ ಕನ್ನಡಿಯಲ್ಲಿ ತನ್ನ ವಿಭೂತಿ ನೋಡಿಕೊಂಡಳು. ಅವಳು ಆ ಕನ್ನಡಿಯನ್ನು ಬೇರೆ ಯಾವುದಕ್ಕೂ ಬಳಸಿದ್ದು ನಾನು ಕಂಡಿಲ್ಲ.

ಧಾರವಾಡದಿಂದ ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್. ರಸ್ತೆಯ ನಡುವೆ ಚಿಗರಿ ಎಂಬ ವೇಗದ ಬಸ್ಸುಗಳಿಗೆಂದೇ ಬೇಲಿ ಹಾಕಿದ ಹಾದಿಯಿದೆ; ಅದರಲ್ಲಿ ಬೇರೆ ವಾಹನ ಹೋಗುವಂತಿಲ್ಲ. ನೀಲಾ ನವಲೂರಿನ ಹತ್ತಿರ ಸರ್ರನೆ ಅದರೊಳಗೆ ನುಗ್ಗಿದಳು. ನಾನು ಕೇಳಿದ್ದಕ್ಕೆ, ಖಾಲಿ ಇದ್ದ ಜಾಗ ಬಿಟ್ಟು ತುಂಬಿದ ಜಾಗಕ್ಕೆ ಹೋಗುವುದು ಯಾವ ಲಾಜಿಕ್ ಎಂದಳು. ಬಸ್ ನಿಲ್ದಾಣದ ಜನ ಬಸ್ಸಿಗಾಗಿ ಕತ್ತು ಚಾಚಿದವರು ನಮ್ಮ ಕಾರನ್ನು ನೋಡಿ ಚಾಚಿದಂತೆಯೇ ನಿಂತರು. ಬೆನ್ನ ಹಿಂದೆ ದೊಡ್ಡ ಬಸ್ಸೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. 'ಅಂವಗ ಎಷ್ಟು ಅವಸರ ನೋಡು. ಇಂಥಾ ಡ್ರೈವರ್‌ಗಳಿಂದ ಆ್ಯಕ್ಸಿಡೆಂಟ್ ಆಗೂದು' ಎಂದಳು.

ಉಣಕಲ್ ಕೆರೆಯ ಹತ್ತಿರ ಟ್ರಾಫಿಕ್ ಪೊಲೀಸಿನವನೊಬ್ಬ ಅಡ್ಡ ಬಂದು ಸೀಟಿ ಊದಿದ. ಅಂತೂ ಸಿಕ್ಕಳು ಎಂದು ನನ್ನ ಜೀವಕ್ಕೆ ಸಮಾಧಾನವಾಯಿತು. ಅವನು ಕಿಟಕಿಗೆ ಬಗ್ಗಿದವನೇ ಸೀಟಿಯನ್ನು ಜೇಬಿಗೆ ಹಾಕಿಕೊಂಡ.

'ಅಕ್ಕೋರ, ಇದು ಬಸ್ಸಿನ ಹಾದೀರಿ.'

'ಹೌದೇನಪಾ? ಹದಿನೇಳ ಒಂಬತ್ತಲೆ ಎಷ್ಟು?'

'ನೂರಾ ಐವತ್ಮೂರ್ರಿ.'

'ಛಲೋ. ಹೋಗ್ಲೇನು?'

ಅವನು ಸೆಲ್ಯೂಟ್ ಹೊಡೆದು ಬಸ್ಸನ್ನೇ ತಡೆದು ನಮ್ಮನ್ನು ಹೊರಗೆ ಬಿಟ್ಟ. ನನ್ನ ಕಿಟಕಿಯ ಕಡೆ ಬಂದು, ಹೆದರಬೇಡಿರಿ ಅಮ್ಮಾರ, ಮುಂದಿನ ಸರ್ಕಲ್ಲಿಗೆ ಫೋನ್ ಮಾಡುತ್ತೇನೆ, ಅಕ್ಕೋರು ಹೊರಟರೆ ನಾವು ಹಂಗೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ ಎಂದು ಪಿಸುಗುಟ್ಟಿದ. ನಿಜವಾಗಿಯೂ ಹುಬ್ಬಳ್ಳಿ ಮುಗಿಯುವವರೆಗೆ ನಮಗೆ ಒಂದೂ ಕೆಂಪು ಸಿಗ್ನಲ್ ಸಿಗಲಿಲ್ಲ. ಒಂದು ಕಡೆ ಮಂತ್ರಿಗಳು ಬರುತ್ತಾರೇನೋ ಎಂದು ಜನ ಫುಟ್‌ಪಾತಿನಲ್ಲಿ ಸಾಲಾಗಿ ನಿಂತಿದ್ದರು. ನೀಲಾ ಅವರಿಗೆ ಕೈ ಬೀಸಿದಳು. ಆಗ ಕಾರಿನ ಸ್ಟಿಯರಿಂಗ್ ಯಾರ ಕೈಯಲ್ಲೂ ಇರಲಿಲ್ಲ.

ಪೊಲೀಸರಿಗೆ ಹೇಳಬೇಕೇನೋ ಎಂದು ನಾನು ಹಲವು ತಿಂಗಳಿಂದ ಯೋಚಿಸುತ್ತಿದ್ದೆ. ನೀಲಾಳ ಬಲಗಣ್ಣಿಗೆ ಪೊರೆ ಬಂದಿತ್ತು; ಆ ಮೋತಿಬಿಂದು ತೆಗೆಸು ಎಂದರೆ 'ಮುಂದಿನ ತಿಂಗಳ' ಎನ್ನುತ್ತಿದ್ದಳು. ಈಗ ನೋಡಿದರೆ ಪೊಲೀಸರಿಗೆ ಎಲ್ಲ ಗೊತ್ತಿದೆ. ಮಗ್ಗಿ ಕಲಿಸಿದ ಋಣವೂ ಇದೆ.

ಹುಬ್ಬಳ್ಳಿಯಲ್ಲಿ ದಸ್ತಗೀರಸಾಬರ ಗ್ಯಾರೇಜಿನ ಮುಂದೆ ನಿಂತೆವು. ಬಂಪರ್ ಒಂದು ಕಡೆ ಜೋತುಬಿದ್ದಿತ್ತು. ನೀಲಾ ಗ್ಯಾರೇಜಿನವರೊಂದಿಗೆ ಚಹಾಕ್ಕೆ ಸಕ್ಕರೆ ಎಷ್ಟಿರಬೇಕೆಂದು ವಾದಿಸುತ್ತಿದ್ದಾಗ ನಾನು ದಸ್ತಗೀರಸಾಬರನ್ನು ಪಕ್ಕಕ್ಕೆ ಕರೆದು, ಈ ಕಾರು ಓಡಿಸದಂತೆ ಏನಾದರೂ ಮಾಡಲಿಕ್ಕಾಗುತ್ತದೆಯೇ ಎಂದು ಕೇಳಿದೆ. ಅವರು ಬಂಪರಿಗೆ ತಂತಿ ಬಿಗಿಯುತ್ತ ನಕ್ಕರು.

'ಈ ಗಾಡ್ಯಾಗ ಕಂಪನಿ ತಗಡು ಈಗ ಭಾಳ ಇಲ್ರಿ ಅಮ್ಮಾರ, ನಾ ಹಚ್ಚಿದ ಪುಟ್ಟೀನ ಜಾಸ್ತಿ ಐತಿ. ಗಾಡಿ ನಾ ರಿಪೇರಿ ಮಾಡ್ತೇನಿ. ಅಕ್ಕೋರನ್ನ ನೀವು ಮಾಡ್ರಿ.'

ಅಲ್ಲಿಂದ ಗದಗಿನ ರಸ್ತೆ. ಎರಡೂ ಕಡೆ ಎರೆಭೂಮಿ, ತೆನೆ ಬಿಟ್ಟ ಬಿಳಿಜೋಳ, ಹಸಿರು ಕಡಲೆ. ಟ್ರ್ಯಾಕ್ಟರುಗಳಲ್ಲಿ, ಚಕ್ಕಡಿಗಳಲ್ಲಿ, ಬೈಕುಗಳಲ್ಲಿ ಇಡೀ ಸೀಮೆಯೇ ಬುತ್ತಿಯ ಬುಟ್ಟಿ ಹೊತ್ತು ಹೊಲಕ್ಕೆ ಹೊರಟಿತ್ತು. ವಾಟ್ ಎ ಲವ್ಲಿ ಮಾರ್ನಿಂಗ್ ಎಂದು ನಾನು ಹೇಲ್ ಮೇರಿಯ ನಡುವೆ ಒಮ್ಮೆ ಅಂದುಕೊಂಡದ್ದೂ ಉಂಟು. ನಮ್ಮ ಎಡಗಡೆಯ ಇಂಡಿಕೇಟರ್ ಹುಬ್ಬಳ್ಳಿಯಿಂದಲೂ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಗಡಿಯಾರದ ಸಪ್ಪಳ ಎಂದು ನೀಲಾ ತಿಳಿದಿದ್ದಳು.

ಹೊಲದ ದಾರಿ ಬಲಕ್ಕೆ. ನೀಲಾ ಕಾರು ನಿಧಾನ ಮಾಡಿದಳು. ಹಿಂದಿನ ಬೈಕಿನವನು ಎಡಕ್ಕೆ ಹೊರಳುತ್ತಾರೆಂದು ನಂಬಿ ಬಲಗಡೆಯಿಂದ ಮುಂದೆ ಬಂದ. ನೀಲಾ ಲಂಬಕೋನದಲ್ಲಿ ಬಲಕ್ಕೆ ತಿರುಗಿದಳು. ಕಿರ್ರೆಂದು ಒಂದು ಸಪ್ಪಳ. ಬೈಕು ರಸ್ತೆ ಬಿಟ್ಟು ಕಡಲೆಯ ಹೊಲದೊಳಗೆ ಒಂದಷ್ಟು ದೂರ ಓಡಿ ಮೆತ್ತನೆಯ ಮಣ್ಣಿನಲ್ಲಿ ಮಲಗಿತು.

ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಗಂಡ, ಹೆಂಡತಿ, ನಡುವೆ ನಾಲ್ಕು ವರ್ಷದ ಹೆಣ್ಣುಕೂಸು. ಗಂಡನ ಮೊಣಕಾಲು ತರಚಿತ್ತು. ಕೂಸಿಗೆ ಏನೂ ಆಗಿರಲಿಲ್ಲ; ಒಂದು ಚಪ್ಪಲಿ ಹೋಗಿತ್ತು, ಕೈಯಲ್ಲಿದ್ದ ಕಡಬು ಮಾತ್ರ ಕೈಯಲ್ಲೇ ಇತ್ತು. ಅದು ಅಳಲೇ ಇಲ್ಲ. ಕಡಬು ಕಚ್ಚಿ ನನ್ನನ್ನು ನೋಡಿತು. ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಅವರ ಬುಟ್ಟಿಯ ರೊಟ್ಟಿ, ಅನ್ನ, ಪುಂಡಿಪಲ್ಯ ಎಲ್ಲ ಕಡಲೆಯ ಮೇಲೆ ಹರಡಿತ್ತು. ಹೆಂಡತಿ, ಅವಳ ಹೆಸರು ರೇಣವ್ವ, ಎದ್ದು ಸೆರಗು ಝಾಡಿಸಿಕೊಂಡು ಸುತ್ತ ನೋಡಿದಳು.

'ನಮ್ಮ ಚರಗ ಇಲ್ಲೇ ಮುಗೀತು ನೋಡ್ರಿ, ಮಂದಿ ಹೊಲದಾಗ.'

ನೀಲಾ ಸಿಟ್ಟಿನಿಂದ ಕೆಂಪಾಗಿದ್ದಳು. ಬಲಗಡೆಯಿಂದ ನುಗ್ಗುವುದೆಂದರೇನು, ಕೂಸನ್ನು ಕೂಡ್ರಿಸಿಕೊಂಡು ಹೀಗೆ ಗಾಡಿ ಹೊಡೆಯುವುದೆಂದರೇನು, ಇವತ್ತೇ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಎಂದು ಬೈಕಿನ ನಂಬರನ್ನು ನನಗೆ ಬಾಯಿಪಾಠ ಮಾಡಿಸಿದಳು. ಅದೇ ಉಸಿರಿನಲ್ಲಿ, ನಿಮ್ಮ ಬುತ್ತಿ ಹೋಯಿತಲ್ಲ, ನಡೆಯಿರಿ ನಮ್ಮ ಹೊಲಕ್ಕೆ, ಉಂಡೇ ಹೋಗಬೇಕು ಎಂದಳು. ಕಂಪ್ಲೇಂಟ್ ಊಟದ ಮೇಲೆ.

ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆಯಾಗಿತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆ, ಗಟ್ಟಿ ಮೊಸರು. ನೀಲಾ ರೇಣವ್ವನ ಗಂಡನ ಮೊಣಕಾಲಿಗೆ ತಾನೇ ಅರಿಸಿನ ಹಚ್ಚಿದಳು. ಕೂಸನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ತುಪ್ಪ ಬಡಿಸಿದಳು, ಬಡಿಸುತ್ತ ಅವರಪ್ಪನಿಗೆ ಟ್ರಾಫಿಕ್ ರೂಲ್ಸ್ ಹೇಳಿದಳು. ಅವನು ತಲೆ ತಗ್ಗಿಸಿ ಹೂಂ ಅನ್ನುತ್ತ ಉಂಡ. ಅಣ್ಣನ ಮನೆಯವರು ಬಂಪರಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಮತ್ತೆ ಎಣ್ಣೆಗಾಯಿಯ ಕಡೆ ಗಮನ ಕೊಟ್ಟರು.

ಕೈ ತೊಳೆಯುವಾಗ ನಾನು ರೇಣವ್ವನಿಗೆ, ನೀವೇ ಯಾಕೆ ಕಂಪ್ಲೇಂಟ್ ಕೊಡಬಾರದು ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

'ಹೆಂಗ್ ಕೊಡೂದ್ರಿ ಯವ್ವಾ? ಅವರ ಕೈಲೆ ಉಂಡೇವಿ.'

ಆಮೇಲೆ ಕೂಸಿನ ಬರಿಗಾಲು ಒರೆಸುತ್ತ, 'ನೀವ ಏನರ ಹೇಳ್ರಿ. ನಾಳೆ ಬ್ಯಾರೆಯಾರದರ ಕೂಸು ಇರತೈತಿ' ಎಂದಳು.

ನಾನೂ ನೀಲಾಳ ಕೈಯಲ್ಲಿ ಉಂಡವಳೇ, ಇಪ್ಪತ್ತು ವರ್ಷಕ್ಕೂ ಮೇಲೆ. ಆದರೆ ಅದನ್ನು ರೇಣವ್ವನಿಗೆ ಹೇಗೆ ಹೇಳುವುದು.

ಹಿಂದಿರುಗುವಾಗ ಹುಬ್ಬಳ್ಳಿಗೆ ಮೊದಲು ಸಿಗುವ ಠಾಣೆಯ ಮುಂದೆ ನೀಲಾ ಕಾರು ನಿಲ್ಲಿಸಿದಳು. ಸರಿಯಾಗಿ ಹೇಳಬೇಕೆಂದರೆ ಕಾರನ್ನು ಅಲ್ಲಿನ ಬ್ಯಾರಿಕೇಡ್ ನಿಲ್ಲಿಸಿತು. ಒಳಗೆ ಒಬ್ಬ ತರುಣಿ ಇನ್ಸ್‌ಪೆಕ್ಟರ್ ಕುಳಿತಿದ್ದಳು. ನೀಲಾ ಅಭ್ಯಾಸಬಲದಿಂದ, ಯಾವ ವರ್ಷ ಎಸ್ಸೆಸ್ಸೆಲ್ಸಿ ನಮ್ಮ ಸಾಲಿಯಲ್ಲಿ ಎಂದು ಕೇಳಿದಳು. ಆಕೆ, ನಾನು ಮಂಡ್ಯದವಳಮ್ಮ, ಬಂದು ಎರಡು ತಿಂಗಳಾಯ್ತು ಅಷ್ಟೇ ಎಂದಳು. ಧಾರವಾಡ ಜಿಲ್ಲೆಯಲ್ಲಿ ನೀಲಾ ಮಗ್ಗಿ ಕಲಿಸದ ಪೊಲೀಸ್ ಒಬ್ಬರಾದರೂ ಇದ್ದರಲ್ಲ ಎಂದು ನನಗೆ ಒಂದು ಗಳಿಗೆ ಸಂತೋಷ. ಇನ್ನು ನನಗೆ ತಪ್ಪಿಸಿಕೊಳ್ಳಲು ನೆಪವಿರಲಿಲ್ಲ.

ನೀಲಾ ತನ್ನ ದೂರನ್ನು ಪ್ರಮೇಯ ಸಾಧಿಸಿದಂತೆ ಹೇಳಿದಳು. ಕೊನೆಗೆ ನನ್ನತ್ತ ಬೆರಳು ಮಾಡಿ, ಇವಳು ಕಣ್ಣಾರೆ ಕಂಡ ಸಾಕ್ಷಿ ಎಂದಳು. ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿ, 'ಹೇಳಿ ಅಮ್ಮ, ತಪ್ಪು ಯಾರದು?' ಎಂದು ಕೇಳಿದಳು.

'ಇಂಗ್ಲಿಷ್‌ನ್ಯಾಗ ಹೇಳ ನಿಮ್ಮಿ. ನಿನ್ನ ಇಂಗ್ಲಿಷ್ ಛಲೋ ಐತಿ' ಎಂದಳು ನೀಲಾ.

ಇಂಗ್ಲಿಷಿನಲ್ಲಾದರೆ ಏನಾದರೂ ಹೇಳಿಬಿಡಬಹುದಿತ್ತು. ಆ ಭಾಷೆಯಲ್ಲಿ ಸುಳ್ಳು ಹೇಳಲು ಗ್ರಾಮರ್ ನೋಡಿಕೊಂಡರೆ ಸಾಕು. ನನ್ನ ಬಾಯಲ್ಲಿ ಕನ್ನಡವೇ ಬಂತು.

'ಬೈಕಿನವರದು ತಪ್ಪಿಲ್ರಿ. ಇಂಡಿಕೇಟರ್ ಎಡಕ್ಕ ಇತ್ತು, ಈಕಿ ಹೊಳ್ಳಿದ್ದು ಬಲಕ್ಕ. ಈಕಿಗೆ ಬಲಗಣ್ಣು ಕಾಣಂಗಿಲ್ರಿ. ಈಕಿ ಕೈಯಾಗ ಗಾಡಿ ಕೊಡಬ್ಯಾಡ್ರಿ.'

ನಾನು ನೀಲಾಳನ್ನು ನೋಡಲಿಲ್ಲ, ನನ್ನ ಚಪ್ಪಲಿಯನ್ನು ನೋಡುತ್ತಿದ್ದೆ. ಇನ್ಸ್‌ಪೆಕ್ಟರಿಗೂ ಮುಜುಗರವಾಗಿ ಪೆನ್ನು ಕೆಳಗಿಟ್ಟಳು. ಆಗ ನೀಲಾ ಕ್ಲಾಸಿನ ದನಿಯಲ್ಲಿ ಮಾತಾಡಿದಳು.

'ಯಾಕ ನಿಲ್ಲಿಸಿದ್ರಿ? ಬರಕೋರಿ. ಈಕಿ ಸುಳ್ಳು ಹೇಳಂಗಿಲ್ಲ. ಅದಕ್ಕ ಸಾಕ್ಷಿಗೆ ಈಕಿನ್ನ ಕರಕೊಂಡು ಬಂದೇನಿ.'

ಆಮೇಲಿನದು ಬೇಗ ಮುಗಿಯಿತು. ಲೈಸೆನ್ಸ್ ಅವಧಿ ಎಂದೋ ಮುಗಿದಿತ್ತು. ಇನ್ಸ್‌ಪೆಕ್ಟರ್ ಅವಳ ಎಡಗಣ್ಣು ಮುಚ್ಚಿಸಿ ಎರಡು ಬೆರಳು ತೋರಿಸಿದಳು. ನೀಲಾ ಮೂರು ಎಂದಳು. ಎರಡು ಎಂದು ತಿಳಿಸಿದಾಗ, ಆಗಲಿ, ಎರಡೂ ಮೂರೂ ಅವಿಭಾಜ್ಯ ಸಂಖ್ಯೆಗಳೇ, ಅರ್ಧ ಮಾರ್ಕ್ಸ್ ಕೊಡಬಹುದು ಎಂದಳು. ಇನ್ಸ್‌ಪೆಕ್ಟರ್ ನಗು ತಡೆದುಕೊಂಡು ಕೈ ಚಾಚಿದಳು. ನೀಲಾ ಕೀಲಿಕೈಯನ್ನು ಸೆರಗಿನಿಂದ ಒರೆಸಿ ಅವಳ ಅಂಗೈಯಲ್ಲಿಟ್ಟಳು. ಆ ಕೀಲಿಯಲ್ಲಿ ಸಣ್ಣದೊಂದು ಗೆಜ್ಜೆ ಇತ್ತು. ಅಷ್ಟು ವರ್ಷ ಪಕ್ಕದಲ್ಲಿ ಕುಳಿತು ನಾನು ಅದನ್ನು ಗಮನಿಸಿರಲಿಲ್ಲ.

ಠಾಣೆಯ ಜೀಪು ನಮ್ಮನ್ನು ಹುಬ್ಬಳ್ಳಿಯ ಬಸ್ ನಿಲ್ದಾಣಕ್ಕೆ ಬಿಟ್ಟಿತು. ಚಿಗರಿ ಎಸಿ ಬಸ್ಸು, ಟಿಕೆಟ್ ನಾನು ತೆಗೆದೆ. ನೀಲಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಉಣಕಲ್ ಕೆರೆ ಬಂತು. ಅಲ್ಲಿ ಬೆಳಗಿನ ಪೊಲೀಸಿನವನು ಬಸ್ಸಿನೊಳಗೆ ಅವಳನ್ನು ಕಂಡು ಕೈಯನ್ನು ಹಣೆಯ ಹತ್ತಿರ ಒಯ್ದವನು ಹಾಗೆಯೇ ಮರೆತು ನಿಂತ. ಬಸ್ಸು ಖಾಲಿ ಹಾದಿಯಲ್ಲಿ ಸುಯ್ಯೆಂದು ಓಡುತ್ತಿತ್ತು.

'ಮುಂಜಾನೆ ನಾ ಬಂದದ್ದೂ ಇಷ್ಟ ಸ್ಪೀಡ' ಎಂದಳು.

ಹದಿನೈದು ದಿನ ಬರಲಿಲ್ಲ. ಭಾನುವಾರಗಳಂದು ನಾಯಿಗಳು ಓಣಿಯ ನಡುವೆ ನೆಮ್ಮದಿಯಾಗಿ ಮಲಗಿದವು. ನನಗೆ ಅವುಗಳನ್ನು ಕಂಡರೆ ಸಿಟ್ಟು. ಸಂಕ್ರಾಂತಿಯ ದಿನ ನಡೆದುಕೊಂಡು ಬಂದಳು, ಡಬ್ಬಿಯಲ್ಲಿ ಕುಸುರೆಳ್ಳು. 'ನಿನ್ನ ಮ್ಯಾಲೆ ಸಿಟ್ಟೈತಿ. ಅದು ಬ್ಯಾರೆ, ಎಳ್ಳು ಬ್ಯಾರೆ' ಎಂದು ಅಂಗೈಗೆ ಹಾಕಿ, ಚಹಾ ಕುಡಿದು ಹೋದಳು. ಕಣ್ಣಿನ ಆಪರೇಷನ್ನಿಗೆ ಮುಂದಿನ ತಿಂಗಳೇ ಗೊತ್ತಾಗಿದೆ, ಆಮೇಲೆ ಹೊಸ ಲೈಸೆನ್ಸ್ ಮಾಡಿಸುತ್ತೇನೆ ಎಂದೂ ಹೇಳಿದಳು. ಆ ತಿಂಗಳು ಅವಳಿಗೆ ಬರಲಿಲ್ಲ. ಒಂದು ನಸುಕಿನಲ್ಲಿ, ನಿದ್ದೆಯಲ್ಲೇ, ಯಾರಿಗೂ ಹಾರ್ನ್ ಹೊಡೆಯದೆ ಹೋಗಿಬಿಟ್ಟಳು.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ನಾಲ್ಕು ದಿನ ಮೊದಲು. ನಾನು ಬ್ಯಾಂಕಿನ ಕೆಲಸ ಮುಗಿಸಿ ಚಿಗರಿ ನಿಲ್ದಾಣದಲ್ಲಿ ನಿಂತಿದ್ದೆ. ಎದುರು ದಿಕ್ಕಿನಿಂದ ಹುಬ್ಬಳ್ಳಿಯ ಬಸ್ಸು ಬಂತು. ಡ್ರೈವರನ ಹಿಂದಿನ ಮೊದಲ ಸೀಟಿನಲ್ಲಿ ನೀಲಾ, ಮಡಿಲಲ್ಲಿ ಪರ್ಸ್, ಎರಡೂ ಕೈ ಪರ್ಸಿನ ಮೇಲೆ ಸ್ಟಿಯರಿಂಗ್ ಹಿಡಿದ ಹಾಗೆ. ಮುಂದಕ್ಕೆ ಬಾಗಿ ಡ್ರೈವರನಿಗೆ ಏನೋ ಹೇಳುತ್ತಿದ್ದಳು, ಅವನು ಮಗ್ಗಿ ಒಪ್ಪಿಸುವ ಹುಡುಗನಂತೆ ತಲೆಯಾಡಿಸುತ್ತಿದ್ದ. ನನ್ನನ್ನು ಕಂಡಳೋ ಇಲ್ಲವೋ, ಆ ಬಲಗಣ್ಣಿನ ಭರವಸೆ ನನಗಿರಲಿಲ್ಲ. ಬಾಗಿಲುಗಳು ಮುಚ್ಚಿದವು. ಮುಂದೆ ಹಾದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಆದರೂ ಬಸ್ಸು ಹಾರ್ನ್ ಹೊಡೆಯಿತು. ಎರಡು ಸಣ್ಣ, ಒಂದು ಉದ್ದ. ನಿಲ್ದಾಣದಲ್ಲಿ ಯಾರೂ ತಲೆಯೆತ್ತಲಿಲ್ಲ. ನಾನು ಮಾತ್ರ ನಮ್ಮ ಓಣಿಯ ಹಳೆಯ ರೂಢಿಯಂತೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತೆ.